ಭೂಗರ್ಭದ ಲೆಕ್ಕಪತ್ರ: ವಿದ್ಯುತ್ಕಾಂತೀಯ ಸಮೀಕ್ಷೆ ಮತ್ತು ಕೊಳವೆಬಾವಿಯ ವೆಚ್ಚ

ವ್ಯಾಪಾರದಲ್ಲಿ ತೊಡಗಿರುವವರು ಕಣ್ಣಿಗೆ ಕಾಣುವ ಸರಕನ್ನು ಕೊಳ್ಳುವಾಗ ಹತ್ತು ಬಾರಿ ಪರೀಕ್ಷಿಸುತ್ತಾರೆ. ಈರುಳ್ಳಿಯ ಚೀಲವನ್ನು ಬಿಚ್ಚಿ ನೋಡುತ್ತಾರೆ, ಕೊಬ್ಬರಿಯನ್ನು ಮುರಿದು ನೋಡುತ್ತಾರೆ, ತೂಕದ ಯಂತ್ರದ ಮುದ್ರೆಯನ್ನೂ ಗಮನಿಸುತ್ತಾರೆ. ಆದರೆ ಅದೇ ವ್ಯಾಪಾರಿ ತನ್ನ ಗಿರಣಿಯ ಆವರಣದಲ್ಲಿ ಕೊಳವೆಬಾವಿ ಕೊರೆಸುವಾಗ ಕಣ್ಣಿಗೆ ಕಾಣದ ಸರಕಿನ ಮೇಲೆ ಲಕ್ಷಾಂತರ ರೂಪಾಯಿಗಳನ್ನು ಒಂದೇ ರಾತ್ರಿಯಲ್ಲಿ ತೊಡಗಿಸುತ್ತಾನೆ. ಬೋರ್ ಲಾರಿ ಬಂದು ನಿಂತ ಮೇಲೆ ಲೆಕ್ಕ ಅಡಿಯ ಮೇಲೆ ಓಡುತ್ತದೆ. ಬೆಳಗಾಗುವಷ್ಟರಲ್ಲಿ ನೀರು ಬಂದಿರಬಹುದು, ಅಥವಾ ಬರಿಯ ಬೂದುಬಣ್ಣದ ಕಲ್ಲಿನ ಪುಡಿಯ ಗುಡ್ಡೆಯೊಂದು ಉಳಿದಿರಬಹುದು.

ಅಜ್ಜಂಪುರ, ಕಡೂರು ಮತ್ತು ತರೀಕೆರೆ ಭಾಗದ ಉದ್ಯಮಿಗಳಿಗೆ ಇದು ಹೊಸ ಅನುಭವವೇನೂ ಅಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಿಂದಾಚೆಗೆ ಮಳೆಯ ಪ್ರಮಾಣ ಬೇಗನೆ ಕುಸಿಯುತ್ತದೆ. ಪಶ್ಚಿಮದ ಕಾಫಿ ತೋಟಗಳಲ್ಲಿ ಸುರಿಯುವ ಮಳೆ ಕಡೂರಿನ ಬಯಲಿಗೆ ಬರುವುದಿಲ್ಲ. ಅಯ್ಯನಕೆರೆ, ಮದಗದ ಕೆರೆಯಂತಹ ಹಿರಿಯ ಕೆರೆಗಳನ್ನು ಪೂರ್ವಿಕರು ಕಟ್ಟಿದ್ದು ಇದನ್ನು ಅರಿತೇ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ಕಡೂರು ತಾಲೂಕು ಅತಿಬಳಕೆಯ ವರ್ಗದಲ್ಲಿ ಕಾಣಿಸಿಕೊಂಡಿದೆ. ಒಂದು ವರ್ಷದಲ್ಲಿ ಹೊರತೆಗೆಯಬಹುದಾದ ನೀರಿನ ನೂರಕ್ಕೆ ನೂರಕ್ಕಿಂತ ಹೆಚ್ಚು ಪಾಲನ್ನು ಹೊರತೆಗೆಯುವ ಪ್ರದೇಶಗಳಿಗೆ ಈ ಹೆಸರು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಆದಾಯಕ್ಕಿಂತ ಖರ್ಚು ಹೆಚ್ಚಾಗಿ ಬಂಡವಾಳವೇ ಕರಗುತ್ತಿರುವ ಸ್ಥಿತಿ. ಭದ್ರಾ ಮೇಲ್ದಂಡೆ ಯೋಜನೆಯ ಸುಮಾರು 7 ಕಿ.ಮೀ. ಉದ್ದದ ಸುರಂಗ ಅಜ್ಜಂಪುರದ ಬಳಿಯೇ ಇದ್ದರೂ, ಪ್ರತಿಯೊಬ್ಬ ಸಣ್ಣ ಉದ್ಯಮಿಯ ನೀರಿನ ಪ್ರಶ್ನೆಗೆ ಅದೇ ಉತ್ತರವಾಗಲಾರದು.

ಈ ಹಿನ್ನೆಲೆಯಲ್ಲಿ, ಕೊರೆಯುವ ಮುನ್ನ ಭೂಮಿಯ ಒಳಗನ್ನು ಅರಿಯಲು ಬಳಕೆಯಲ್ಲಿರುವ ವಿದ್ಯುತ್ಕಾಂತೀಯ ಸಮೀಕ್ಷೆ ಎಂದರೇನು, ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಮತ್ತು ಅದಕ್ಕೆ ತೆರುವ ಹಣ ಲಾಭದಾಯಕವೇ ಎಂಬುದನ್ನು ಪರಿಶೀಲಿಸುವುದು ಉಪಯುಕ್ತ.

ಮೂಲ ತತ್ತ್ವ

1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಈ ವಿಧಾನದ ತಳಹದಿ. ಬದಲಾಗುತ್ತಿರುವ ಕಾಂತಕ್ಷೇತ್ರವು ತನ್ನ ವ್ಯಾಪ್ತಿಯಲ್ಲಿರುವ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಕಾರ್ಖಾನೆಯಲ್ಲಿರುವ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಸಮೀಕ್ಷೆಯಲ್ಲಿ ಒಂದು ತಂತಿಸುರುಳಿಗೆ ಪರ್ಯಾಯ ವಿದ್ಯುತ್ತನ್ನು ಹರಿಸಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಕಳುಹಿಸಲಾಗುತ್ತದೆ. ಇದು ಪ್ರಾಥಮಿಕ ಕ್ಷೇತ್ರ. ನೆಲದೊಳಗೆ ವಿದ್ಯುತ್ತನ್ನು ಹರಿಯಗೊಡುವ ಪದರವಿದ್ದರೆ ಅದರಲ್ಲಿ ಸುಳಿಯಂತೆ ವಿದ್ಯುತ್ ಹರಿದು, ಆ ಸುಳಿಯು ತನ್ನದೇ ಆದ ಕಾಂತಕ್ಷೇತ್ರವನ್ನು ಹೊರಸೂಸುತ್ತದೆ. ಇದು ದ್ವಿತೀಯಕ ಕ್ಷೇತ್ರ. ಮತ್ತೊಂದು ತಂತಿಸುರುಳಿ ಇದನ್ನು ಗ್ರಹಿಸುತ್ತದೆ. ಹೋದದ್ದಕ್ಕೂ ಮರಳಿ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ತಾಳೆ ನೋಡಿ, ಕೆಳಗಿನ ಪದರಗಳ ವಾಹಕತೆಯನ್ನು ಲೆಕ್ಕ ಹಾಕಲಾಗುತ್ತದೆ.

ನೆಲಕ್ಕೆ ಗೂಟ ಬಡಿದು ವಿದ್ಯುತ್ ಹರಿಸುವ ಹಳೆಯ ರೋಧಕತಾ ಸಮೀಕ್ಷೆಯನ್ನು ಬಹುಮಂದಿ ಕಂಡಿರುತ್ತಾರೆ. ಅದಕ್ಕೂ ಇದಕ್ಕೂ ಉದ್ದೇಶ ಒಂದೇ. ಆದರೆ ಇಲ್ಲಿ ನೆಲವನ್ನು ಮುಟ್ಟಬೇಕಾದ ಅಗತ್ಯವಿಲ್ಲ. ಆದ್ದರಿಂದಲೇ ಉಪಕರಣವನ್ನು ಹೆಲಿಕಾಪ್ಟರಿಗೆ ತೂಗುಹಾಕಿಯೂ ಈ ಸಮೀಕ್ಷೆಯನ್ನು ನಡೆಸಬಹುದಾಗಿದೆ.

ಕಲ್ಲು ಕಲ್ಲಿಗೂ ವಾಹಕತೆ ಭಿನ್ನ. ಬಿರುಕಿಲ್ಲದ ಗಟ್ಟಿ ನೈಸ್ ಅಥವಾ ಗ್ರಾನೈಟ್ ಶಿಲೆಯ ರೋಧಕತೆ ಸಾವಿರಾರು ಓಮ್-ಮೀಟರ್ ಇರುತ್ತದೆ. ಅದೇ ಶಿಲೆ ಶಿಥಿಲಗೊಂಡು ನೀರನ್ನು ಹೀರಿಕೊಂಡಿದ್ದರೆ ಹತ್ತಾರರಿಂದ ಕೆಲವು ನೂರು ಓಮ್-ಮೀಟರಿಗೆ ಇಳಿಯುತ್ತದೆ. ಜೇಡಿಮಣ್ಣಿನಲ್ಲಿ ಇನ್ನೂ ಕಡಿಮೆ. ಈ ಅಂತರವೇ ಸಮೀಕ್ಷೆಗೆ ದೊರೆಯುವ ಸುಳಿವು.

ವಿಧಾನಗಳಲ್ಲಿ ಭೇದ

ವಿದ್ಯುತ್ಕಾಂತೀಯ ಸಮೀಕ್ಷೆ ಎಂಬ ಒಂದೇ ಹೆಸರಿನಡಿ ಹಲವು ವಿಧಾನಗಳಿವೆ. ಯಾವುದಕ್ಕೆ ಹಣ ತೆರುತ್ತಿದ್ದೇವೆ ಎಂಬುದನ್ನು ಉದ್ಯಮಿ ಕೇಳಿ ತಿಳಿಯಬೇಕು.

ಮೊದಲನೆಯದು ಆವರ್ತನ ಆಧಾರಿತ ವಿಧಾನ. ಆವರ್ತನ ಹೆಚ್ಚಾದಷ್ಟೂ ಅಲೆ ಮೇಲ್ಪದರದಲ್ಲೇ ಕ್ಷೀಣಿಸುತ್ತದೆ, ಕಡಿಮೆಯಾದಷ್ಟೂ ಆಳಕ್ಕೆ ಇಳಿಯುತ್ತದೆ. 100 ಓಮ್-ಮೀಟರ್ ರೋಧಕತೆಯ ನೆಲದಲ್ಲಿ 10,000 ಹರ್ಟ್ಸ್ ಆವರ್ತನದ ಅಲೆ ಸುಮಾರು 50 ಮೀಟರಿನಲ್ಲಿ ತನ್ನ ಬಲದ ಹೆಚ್ಚಿನ ಭಾಗವನ್ನು ಕಳೆದುಕೊಳ್ಳುತ್ತದೆ. 100 ಹರ್ಟ್ಸ್ ಅಲೆಗೆ ಆ ಆಳ ಸುಮಾರು 500 ಮೀಟರ್.

ಎರಡನೆಯದು ಕಾಲ ಆಧಾರಿತ ವಿಧಾನ. ತಂತಿಸುರುಳಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿ, ನೆಲದೊಳಗಿನ ಸುಳಿವಿದ್ಯುತ್ತು ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ಸೆಕೆಂಡಿನ ಸಾವಿರದ, ಲಕ್ಷದ ಅಂಶಗಳಲ್ಲಿ ಅಳೆಯಲಾಗುತ್ತದೆ. ಘಂಟೆಯನ್ನು ಬಾರಿಸಿ ಅದರ ನಾದ ಎಷ್ಟು ಹೊತ್ತು ಉಳಿಯುತ್ತದೆಂದು ಕೇಳಿ ಲೋಹದ ಗುಣವನ್ನು ಅಳೆದಂತೆ. ಉತ್ತಮ ವಾಹಕದಲ್ಲಿ ಸುಳಿವಿದ್ಯುತ್ತು ನಿಧಾನವಾಗಿ ಅಡಗುತ್ತದೆ.

ಮೂರನೆಯದು ಅತಿ ಕಡಿಮೆ ಆವರ್ತನದ ರೇಡಿಯೋ ಅಲೆಗಳನ್ನು ಬಳಸುವ ವಿಧಾನ. ಇದರಲ್ಲಿ ಸಮೀಕ್ಷಕನು ಅಲೆಯನ್ನು ಕಳುಹಿಸುವುದೇ ಇಲ್ಲ. ಸಮುದ್ರದಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸಲು ನೌಕಾಪಡೆಗಳು ಸ್ಥಾಪಿಸಿರುವ ಪ್ರಬಲ ಕೇಂದ್ರಗಳ ಅಲೆಗಳನ್ನೇ ಬಳಸಿಕೊಳ್ಳುತ್ತಾನೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿರುವ ಐಎನ್‌ಎಸ್ ಕಟ್ಟಬೊಮ್ಮನ್ ಅಂತಹ ಒಂದು ಕೇಂದ್ರ. ಉಪಕರಣ ಹಗುರ, ವೆಚ್ಚ ಕಡಿಮೆ, ಒಬ್ಬನೇ ನಡೆದಾಡುತ್ತಾ ಅಳೆಯಬಹುದು. ಗಟ್ಟಿ ಶಿಲೆಯಲ್ಲಿ ನೆಟ್ಟಗೆ ಇಳಿದಿರುವ ಬಿರುಕುಗಳ ಜಾಡನ್ನು ಹಿಡಿಯಲು ಇದು ಪ್ರಯೋಜನಕಾರಿ. ಆದರೆ ಮೇಲ್ಪದರದ ರೋಧಕತೆ 100 ಓಮ್-ಮೀಟರ್ ಇದ್ದಲ್ಲಿ ಇದರ ಅಲೆ ಸುಮಾರು 40 ಮೀಟರಿಗಿಂತ ಕೆಳಗೆ ವಿಶೇಷವೇನನ್ನೂ ಹೇಳಲಾರದು. 800 ಅಡಿ ಎಂದರೆ ಸುಮಾರು 244 ಮೀಟರ್. ಈ ಉಪಕರಣವನ್ನು ಹಿಡಿದು "ಎಂಟುನೂರು ಅಡಿಯಲ್ಲಿ ನೀರಿದೆ" ಎನ್ನುವವರ ಮಾತನ್ನು ಈ ಲೆಕ್ಕದೊಂದಿಗೆ ತಾಳೆ ನೋಡಬೇಕು.

ನಾಲ್ಕನೆಯದು ಮಿಂಚು ಹಾಗೂ ಸೂರ್ಯನಿಂದ ಹೊಮ್ಮುವ ಕಣಪ್ರವಾಹದಿಂದ ಉಂಟಾಗುವ ನೈಸರ್ಗಿಕ ಕ್ಷೇತ್ರಗಳನ್ನು ಅಳೆಯುವ ಮ್ಯಾಗ್ನೆಟೋಟೆಲ್ಯುರಿಕ್ ವಿಧಾನ. ಹತ್ತಾರು ಕಿ.ಮೀ. ಆಳದ ರಚನೆಯನ್ನೂ ಇದು ತೋರಿಸಬಲ್ಲದು. ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ವಿಧಾನದಿಂದ ಚಿತ್ರದುರ್ಗ–ಗದಗ ಶಿಲಾಪಟ್ಟಿಯು ಎರಡು ಪ್ರಾಚೀನ ಭೂಖಂಡಗಳು ಬೆಸೆದ ಹೊಲಿಗೆಯೆಂದು ಗುರುತಿಸಿತು. ಇದು ವಿಜ್ಞಾನಕ್ಕೆ ಮಹತ್ತ್ವದ್ದು. ಗಿರಣಿಯ ಆವರಣದಲ್ಲಿ ಕೊಳವೆಬಾವಿಯ ಸ್ಥಳ ನಿರ್ಣಯಿಸಲು ಬೇಕಾದ ಸೂಕ್ಷ್ಮ ವಿವರವನ್ನು ಇಷ್ಟು ಆಳದ ಅಧ್ಯಯನ ಕೊಡುವುದಿಲ್ಲ.

ನೆರೆಯ ತಿಪಟೂರಿನ ಅನುಭವ

ಈ ತಂತ್ರಜ್ಞಾನ ದೂರದ ದೇಶಗಳಿಗೆ ಸೀಮಿತವಾದುದೆಂಬ ಭಾವನೆ ಸರಿಯಲ್ಲ. ಕೇಂದ್ರ ಅಂತರ್ಜಲ ಮಂಡಳಿಯು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ನೆರವಿನಿಂದ 2010ರ ದಶಕದ ಮೊದಲ ಭಾಗದಲ್ಲಿ ದೇಶದ ಆರು ಪ್ರದೇಶಗಳಲ್ಲಿ ಜಲಧರ ನಕ್ಷೆ ರಚಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ಬಿಹಾರ, ರಾಜಸ್ಥಾನ, ಮಹಾರಾಷ್ಟ್ರ, ತಮಿಳುನಾಡುಗಳೊಂದಿಗೆ ಕರ್ನಾಟಕದಿಂದ ಆಯ್ಕೆಯಾದದ್ದು ತುಮಕೂರು ಜಿಲ್ಲೆಯ ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲೂಕುಗಳಲ್ಲಿ ಹರಡಿರುವ ಅಂಕಸಂದ್ರ ಜಲಾನಯನ ಪ್ರದೇಶ. ಡೆನ್ಮಾರ್ಕಿನಲ್ಲಿ ರೂಪುಗೊಂಡ ಕಾಲ ಆಧಾರಿತ ಉಪಕರಣದ ದೊಡ್ಡ ತಂತಿಚೌಕಟ್ಟನ್ನು ಹೆಲಿಕಾಪ್ಟರಿಗೆ ತೂಗಿಸಿ, ತೆಂಗಿನ ತೋಟಗಳ ಮೇಲೆ ಸಮಾನಾಂತರ ಗೆರೆಗಳಲ್ಲಿ ಹಾರಿಸಿ ಅಳತೆ ಮಾಡಲಾಯಿತು.

ಅಂಕಸಂದ್ರವನ್ನು ಆರಿಸಿದ್ದು ಗಟ್ಟಿ ಶಿಲೆಯ ಪ್ರದೇಶದ ಮಾದರಿಯಾಗಿ. ಕಡೂರು, ಅಜ್ಜಂಪುರಗಳ ನೆಲವೂ ಇದೇ ಗಟ್ಟಿ ಶಿಲೆಯ ಗುಂಪಿಗೆ ಸೇರಿದ್ದು. ಇಂತಹ ನೆಲದಲ್ಲಿ ನೀರು ಎರಡೇ ಕಡೆ ಇರುತ್ತದೆ. ಒಂದು, ಮೇಲಿನ ಶಿಥಿಲ ಪದರ. ಇನ್ನೊಂದು, ಅದರ ಕೆಳಗಿನ ಗಟ್ಟಿ ಶಿಲೆಯ ಬಿರುಕುಗಳು. ಮೇಲಿನ ಪದರ ಉಳಿತಾಯ ಖಾತೆಯಿದ್ದಂತೆ, ಬಿರುಕುಗಳು ಅದರಿಂದ ಹಣ ಬರುವ ಕೊಳವೆಗಳಿದ್ದಂತೆ. ಮೇಲಿನ ಪದರ ಬತ್ತಿದ ಮೇಲೆ ಎಷ್ಟು ಆಳದ ಬಿರುಕನ್ನು ಕೊರೆದರೂ ಮೊದಲು ಬಂದ ನೀರು ಹೆಚ್ಚು ಕಾಲ ನಿಲ್ಲುವುದಿಲ್ಲ.

ವಾಯುಸಮೀಕ್ಷೆಯು ಶಿಥಿಲ ಪದರ ಎಲ್ಲಿ ದಪ್ಪ, ಎಲ್ಲಿ ತೆಳು, ಗಟ್ಟಿ ಶಿಲೆ ಎಲ್ಲಿ ಮೇಲೆದ್ದಿದೆ ಎಂಬ ಒಟ್ಟು ಚಿತ್ರವನ್ನು ವಿಶಾಲ ಪ್ರದೇಶಕ್ಕೆ ಶೀಘ್ರವಾಗಿ ಕೊಡುತ್ತದೆ. ಆದರೆ ಆಳದಲ್ಲಿರುವ ಒಂದು ಅಡಿ ಅಗಲದ ಬಿರುಕನ್ನು ಬೆರಳಿಟ್ಟು ತೋರಿಸುವಷ್ಟು ಸೂಕ್ಷ್ಮತೆ ಅದಕ್ಕಿಲ್ಲ. ಅದಕ್ಕೆ ನೆಲದ ಮೇಲಿನ ಸಮೀಕ್ಷೆಯೂ ಕೊರೆದು ನೋಡಿದ ಬಾವಿಗಳ ದಾಖಲೆಯೂ ಜೊತೆಗೂಡಬೇಕು. 2021ರ ಅಕ್ಟೋಬರಿನಲ್ಲಿ ಇದೇ ಸಂಸ್ಥೆಯು ರಾಜಸ್ಥಾನ, ಗುಜರಾತ್, ಹರಿಯಾಣ ಮತ್ತು ಪಂಜಾಬಿನ ಶುಷ್ಕ ಪ್ರದೇಶಗಳಿಗಾಗಿ ಹೆಲಿಕಾಪ್ಟರ್ ಸಮೀಕ್ಷೆಯನ್ನು ಆರಂಭಿಸಿತು.

ಸಮೀಕ್ಷೆ ನೀರನ್ನು ಕಾಣುವುದಿಲ್ಲ

ಇಲ್ಲಿ ಒಂದು ಮುಖ್ಯ ಅಂಶವನ್ನು ಮನಗಾಣಬೇಕು. ಉಪಕರಣ ಅಳೆಯುವುದು ವಾಹಕತೆಯನ್ನು. "ಇಲ್ಲಿ ನೀರಿದೆ" ಎಂಬುದು ಆ ಅಳತೆಯ ಮೇಲೆ ತಜ್ಞನು ಕಟ್ಟುವ ತೀರ್ಮಾನ. ಆಯವ್ಯಯ ಪಟ್ಟಿಯಲ್ಲಿ ನಗದು ಶಿಲ್ಕು ಹೆಚ್ಚಾಗಿದೆ ಎಂದ ಮಾತ್ರಕ್ಕೆ ಲಾಭವಾಗಿದೆ ಎನ್ನಲಾಗದು, ಸಾಲ ತಂದ ಹಣವೂ ಅಲ್ಲಿಯೇ ಇರಬಹುದು. ಹಾಗೆಯೇ ವಾಹಕತೆ ಹೆಚ್ಚಿರುವುದಕ್ಕೆ ಹಲವು ಕಾರಣಗಳುಂಟು. ನೀರನ್ನು ಹಿಡಿದಿಟ್ಟುಕೊಂಡು ಬಿಟ್ಟುಕೊಡದ ಜೇಡಿಯೂ ಉತ್ತಮ ವಾಹಕ. ಧಾರವಾಡ ಶಿಲಾಪಟ್ಟಿಗಳಲ್ಲಿ ಗ್ರಾಫೈಟ್ ಅಥವಾ ಗಂಧಕಯುಕ್ತ ಖನಿಜಗಳಿರುವ ಶಿಲೆಯೂ ಉತ್ತಮ ವಾಹಕ. ಒಣಗಿದ್ದರೂ ಅದು ಉಪಕರಣಕ್ಕೆ ನೀರಿನ ಬಿರುಕಿನಂತೆಯೇ ತೋರಬಹುದು.

ಅದಿರು ಹುಡುಕುವವರಿಗೆ ಇದೇ ಗುಣ ವರವಾಗುತ್ತದೆ. ಚಿತ್ರದುರ್ಗದ ಸಮೀಪದ ಇಂಗಳದಾಳದಲ್ಲಿರುವಂತಹ ತಾಮ್ರದ ಗಂಧಕಯುಕ್ತ ಅದಿರನ್ನು ಶೋಧಿಸಲು ಜಗತ್ತಿನಾದ್ಯಂತ ವಿದ್ಯುತ್ಕಾಂತೀಯ ವಿಧಾನ ಬಳಕೆಯಲ್ಲಿದೆ. ಬಾಬಾಬುಡನ್ ಶ್ರೇಣಿಯ ಮ್ಯಾಗ್ನೆಟೈಟ್ ಕಬ್ಬಿಣದ ಅದಿರಿಗೆ ಕಾಂತೀಯ ಸಮೀಕ್ಷೆ ಹೆಚ್ಚು ಸೂಕ್ತ. ಉದ್ದೇಶಕ್ಕೆ ತಕ್ಕ ವಿಧಾನವನ್ನು ಆರಿಸುವುದೇ ಇಲ್ಲಿ ಮುಖ್ಯ.

ಇನ್ನೊಂದು ತೊಡಕು ಕೃತಕ ಅಡಚಣೆ. ವಿದ್ಯುತ್ ತಂತಿ, ನೆಲದಡಿಯ ಕೇಬಲ್, ತಂತಿಬೇಲಿ, ಕಬ್ಬಿಣದ ಕೊಳವೆ, ರೈಲು ಹಳಿ ಇವೆಲ್ಲವೂ ಅಲೆಗೆ ಪ್ರತಿಕ್ರಿಯಿಸುತ್ತವೆ. ರೈಲು ನಿಲ್ದಾಣದ ಮಗ್ಗುಲಿನ ಗೋದಾಮಿನಲ್ಲಿಯೋ ಯಂತ್ರಗಳು ಓಡುತ್ತಿರುವ ಗಿರಣಿಯ ಅಂಗಳದಲ್ಲಿಯೋ ಪಡೆದ ಅಳತೆ ಕೆಳಗಿನ ಕಲ್ಲಿನದೋ ಮೇಲಿನ ತಂತಿಯದೋ ಎಂಬ ಅನುಮಾನ ಉಳಿಯುತ್ತದೆ. ಸಮೀಕ್ಷೆಯ ದಿನ ಯಂತ್ರಗಳನ್ನು ನಿಲ್ಲಿಸುವುದು, ಹಾದುಹೋಗಿರುವ ಕೇಬಲ್‌ಗಳ ನಕ್ಷೆಯನ್ನು ತಜ್ಞನಿಗೆ ಕೊಡುವುದು ಉದ್ಯಮಿಯ ಹೊಣೆ. ಅಡಚಣೆ ಹೆಚ್ಚಿರುವಲ್ಲಿ ಹಳೆಯ ಗೂಟದ ರೋಧಕತಾ ವಿಧಾನವೇ ಮೇಲೆಂದು ತಜ್ಞನು ಹೇಳಿದರೆ ಅದನ್ನು ಒಪ್ಪುವುದು ವಿವೇಕ.

ವೆಚ್ಚ ಮತ್ತು ಪ್ರಯೋಜನದ ಲೆಕ್ಕ

ಸಮೀಕ್ಷೆಗೆ ಹಣ ತೆರುವುದು ಲಾಭವೇ ನಷ್ಟವೇ ಎಂಬ ಪ್ರಶ್ನೆಗೆ ಒಂದು ಉದಾಹರಣೆಯ ಮೂಲಕ ಉತ್ತರ ಕಂಡುಕೊಳ್ಳಬಹುದು. ಈ ಅಂಕಿಗಳು ಕೇವಲ ಲೆಕ್ಕದ ಕ್ರಮವನ್ನು ತೋರಿಸಲು; ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಒಂದು ಕೊಳವೆಬಾವಿ ಕೊರೆಸಲು 1,50,000 ರೂಪಾಯಿ ತಗಲುತ್ತದೆಂದೂ, ಸಮೀಕ್ಷೆಯಿಲ್ಲದೆ ಹತ್ತರಲ್ಲಿ ನಾಲ್ಕು ಬಾವಿಗಳು ಸಫಲವಾಗುತ್ತವೆಂದೂ ಇಟ್ಟುಕೊಳ್ಳೋಣ. ಆಗ ಒಂದು ಸಫಲ ಬಾವಿಯ ನಿಜವಾದ ಸರಾಸರಿ ವೆಚ್ಚ 1,50,000 ಅಲ್ಲ, 3,75,000 ರೂಪಾಯಿ. ವಿಫಲವಾದ ಬಾವಿಗಳ ವೆಚ್ಚವನ್ನೂ ಸಫಲವಾದ ಬಾವಿಯೇ ಹೊರಬೇಕಲ್ಲವೇ? ಈಗ ಪ್ರತಿ ಸ್ಥಳಕ್ಕೆ 20,000 ರೂಪಾಯಿ ತೆತ್ತು ಸಮೀಕ್ಷೆ ಮಾಡಿಸಿದಾಗ ಸಫಲತೆ ಹತ್ತರಲ್ಲಿ ಆರಕ್ಕೆ ಏರಿದರೆ, ಸಫಲ ಬಾವಿಯೊಂದರ ವೆಚ್ಚ 1,70,000 ಭಾಗಿಸು 0.6, ಅಂದರೆ ಸುಮಾರು 2,83,000 ರೂಪಾಯಿ. ಉಳಿತಾಯ ಸುಮಾರು 92,000 ರೂಪಾಯಿ.

ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. ಸಮೀಕ್ಷೆಯ ಶುಲ್ಕ ಮರಳಿ ಬರಬೇಕಾದರೆ ಸಫಲತೆ ಎಷ್ಟು ಹೆಚ್ಚಬೇಕು? 1,70,000ವನ್ನು 3,75,000ದಿಂದ ಭಾಗಿಸಿದರೆ ನೂರಕ್ಕೆ ಸುಮಾರು 45 ಬರುತ್ತದೆ. ಅಂದರೆ ನೂರಕ್ಕೆ ನಲವತ್ತರಿಂದ ನಲವತ್ತೈದೂವರೆಗೆ ಏರಿದರೂ ಶುಲ್ಕ ಗಿಟ್ಟುತ್ತದೆ. ಸಮೀಕ್ಷೆ ಪವಾಡವಾಗಬೇಕಿಲ್ಲ, ಸ್ವಲ್ಪ ಮಟ್ಟಿಗೆ ಸರಿಯಾಗಿದ್ದರೆ ಸಾಕು. ಆದರೆ ಸಫಲತೆಯನ್ನು ಸ್ವಲ್ಪವೂ ಹೆಚ್ಚಿಸದ ಸಮೀಕ್ಷೆಗೆ ತೆತ್ತದ್ದು ಪೂರ್ತಿ ನಷ್ಟ. ಆದಕಾರಣ ಸಮೀಕ್ಷಕನನ್ನು ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕವೆಷ್ಟು ಎಂಬುದಲ್ಲ. ಈ ಭಾಗದಲ್ಲಿ ಹಿಂದೆ ಗುರುತಿಸಿದ ಸ್ಥಳಗಳಲ್ಲಿ ಎಷ್ಟು ಸಫಲ, ಎಷ್ಟು ವಿಫಲ ಎಂಬುದು.

ಎಲ್ಲಕ್ಕಿಂತ ಬೆಲೆಯುಳ್ಳ ವರದಿ "ಇಲ್ಲಿ ಕೊರೆಯಬೇಡಿ" ಎಂಬುದು. ಒಂದೇ ಆವರಣದಲ್ಲಿ ಒಂದರ ಪಕ್ಕ ಒಂದರಂತೆ ಮೂರು ಬಾವಿ ಕೊರೆಸಿ ಮೂರನ್ನೂ ಕಳೆದುಕೊಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಕೆಳಗಿನ ಕಲ್ಲು ಒಂದೇ ಆಗಿರುವಾಗ ಮೊದಲನೆಯದರ ವೈಫಲ್ಯ ಎರಡನೆಯದಕ್ಕೂ ಎಚ್ಚರಿಕೆಯೇ. ಆ ಹಣವನ್ನು ಬೇರೆಡೆಗೆ ತಿರುಗಿಸಬಹುದು. 10,000 ಚದರ ಅಡಿಯ ಗೋದಾಮಿನ ಚಾವಣಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದು ಅದರ ನೂರಕ್ಕೆ ಎಂಬತ್ತು ಭಾಗವನ್ನು ಹಿಡಿದರೂ ಸುಮಾರು 4,45,000 ಲೀಟರ್ ನೀರು ದೊರೆಯುತ್ತದೆ.

ಸಮೀಕ್ಷಕನ ಸ್ವಾತಂತ್ರ್ಯ

ಲೆಕ್ಕಪರಿಶೋಧಕನು ತಾನು ಪರಿಶೀಲಿಸುವ ಸಂಸ್ಥೆಯಲ್ಲಿ ಪಾಲುದಾರನಾಗಿರಕೂಡದು ಎಂಬ ನಿಯಮ ಎಲ್ಲರಿಗೂ ತಿಳಿದದ್ದೇ. ಇದೇ ನ್ಯಾಯ ಇಲ್ಲಿಯೂ ಸಲ್ಲುತ್ತದೆ. ಅಡಿಯ ಲೆಕ್ಕದಲ್ಲಿ ಹಣ ಪಡೆಯುವ ಬೋರ್ ಲಾರಿಯವರೇ ಕರೆತಂದ ಸಮೀಕ್ಷಕನಿಗೆ "ಬೇಡಿ" ಎನ್ನುವುದರಲ್ಲಿ ಯಾವ ಲಾಭವೂ ಇಲ್ಲ. ಸಮೀಕ್ಷೆಯ ಶುಲ್ಕವನ್ನು ಉದ್ಯಮಿಯೇ ನೇರವಾಗಿ ಕೊಡಬೇಕು, ವರದಿ ಯಾವುದಾದರೂ ಶುಲ್ಕ ಅಷ್ಟೇ ಆಗಿರಬೇಕು. ತೆಂಗಿನಕಾಯಿಯನ್ನೋ ಬೇವಿನ ಕವಲುಕಡ್ಡಿಯನ್ನೋ ಹಿಡಿದು ನೀರು ನೋಡುವವರನ್ನು ನಂಬುವ ರೂಢಿ ಬಲವಾಗಿದೆ. ಅದನ್ನು ಹಳಿಯುವ ಅಗತ್ಯವಿಲ್ಲ. ಅವರ ಗುರುತುಗಳಿಗೂ ಸಫಲ–ವಿಫಲಗಳ ಇದೇ ಪಟ್ಟಿಯನ್ನು ಬರೆದಿಟ್ಟರೆ ಸತ್ಯಾಂಶ ತಾನಾಗಿಯೇ ಹೊರಬರುತ್ತದೆ.

ಸಮೀಕ್ಷಾ ವರದಿಯಲ್ಲಿ ಈ ಕೆಳಗಿನ ವಿವರಗಳಿವೆಯೇ ಎಂದು ನೋಡಬೇಕು:

1. ಬಳಸಿದ ವಿಧಾನ, ಉಪಕರಣ ಮತ್ತು ಅದರ ವಿಶ್ವಾಸಾರ್ಹ ಆಳ.
2. ಅಳತೆ ಮಾಡಿದ ಗೆರೆಗಳ ನಕ್ಷೆ ಮತ್ತು ಮೂಲ ಅಂಕಿಗಳು.
3. ಸಮೀಪದ ಬಾವಿಗಳ ಆಳ ಮತ್ತು ಇಳುವರಿಯೊಂದಿಗೆ ಹೋಲಿಕೆ.
4. ವಿದ್ಯುತ್ ತಂತಿ, ಬೇಲಿ ಮೊದಲಾದ ಅಡಚಣೆಗಳ ಉಲ್ಲೇಖ.
5. ಎಷ್ಟು ಆಳದಲ್ಲಿ ಕೊರೆತವನ್ನು ನಿಲ್ಲಿಸಬೇಕೆಂಬ ಸಲಹೆ.

ಕೊನೆಯ ಅಂಶ ಅತ್ಯಂತ ಮುಖ್ಯ. "ಇನ್ನು ಐವತ್ತು ಅಡಿ ನೋಡೋಣ" ಎಂಬ ಆಸೆಯಲ್ಲಿಯೇ ಹೆಚ್ಚಿನ ಹಣ ಹೋಗುವುದು. ಯಾವ ಉಪಕರಣವೂ "ಇಷ್ಟು ಅಡಿಗೆ ಇಷ್ಟು ಇಂಚು ನೀರು" ಎಂದು ಹೇಳಲಾರದು. ಹಾಗೆ ಬರೆದುಕೊಟ್ಟ ವರದಿಯನ್ನು ಸಂಶಯದಿಂದಲೇ ಕಾಣಬೇಕು.

ಕಾನೂನು ಮತ್ತು ತೆರಿಗೆ

ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಪೂರ್ವಾನುಮತಿ ಬೇಕು. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ನಿರ್ದೇಶನಗಳಂತೆ ಕೊರೆಯುವುದಕ್ಕೆ 15 ದಿನ ಮುಂಚೆ ಸ್ಥಳೀಯ ಅಧಿಕಾರಿಗಳಿಗೆ ತಿಳಿಸಬೇಕು, ವಿಫಲವಾದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮುಚ್ಚಬೇಕು. ಮಕ್ಕಳು ಬಾವಿಗೆ ಬಿದ್ದ ದುರಂತಗಳ ಹಿನ್ನೆಲೆಯಲ್ಲಿ ಬಂದ ಈ ನಿರ್ದೇಶನವನ್ನು ಉದ್ಯಮಿಗಳು ಹಗುರವಾಗಿ ಕಾಣಬಾರದು. ಮುಚ್ಚುವ ವೆಚ್ಚವನ್ನೂ ಅಂದಾಜಿನಲ್ಲಿಯೇ ಸೇರಿಸಿಕೊಳ್ಳಬೇಕು.

1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ ಬಾವಿ ಮತ್ತು ಕೊಳವೆಬಾವಿಗಳು ಕಟ್ಟಡದ ವರ್ಗದಲ್ಲಿ ಸೇರಿದ್ದವು. ವಾಸದ ಕಟ್ಟಡವನ್ನು ಹೊರತುಪಡಿಸಿದ ಸಾಮಾನ್ಯ ಕಟ್ಟಡದ ಸವಕಳಿ ದರ ನೂರಕ್ಕೆ 10, ಪಂಪ್‌ಸೆಟ್ಟು ಸೇರುವ ಸಾಮಾನ್ಯ ಯಂತ್ರಗಳ ದರ ನೂರಕ್ಕೆ 15. ಸಫಲವಾದ ಬಾವಿಗೆ ಸಂಬಂಧಿಸಿದ ಸಮೀಕ್ಷಾ ಶುಲ್ಕವನ್ನು ಬಾವಿಯ ಮೂಲವೆಚ್ಚದೊಂದಿಗೆ ಸೇರಿಸುವುದು ಕ್ರಮ. ವಿಫಲ ಬಾವಿಯ ವೆಚ್ಚವನ್ನು ಆಯಾ ವರ್ಷದ ಖರ್ಚೆಂದು ತೋರಿಸಬಹುದೇ ಎಂಬುದು ಪ್ರಕರಣದ ಸಂಗತಿಗಳನ್ನು ಅವಲಂಬಿಸಿ ವಿವಾದಕ್ಕೆ ಎಡೆಮಾಡುವ ವಿಷಯ. ಆದ್ದರಿಂದ ಸಮೀಕ್ಷಾ ವರದಿ, ಕೊರೆತದ ರಸೀದಿ, ಬಾವಿ ಮುಚ್ಚಿದ ದಾಖಲೆ ಇವನ್ನು ಒಟ್ಟಿಗೆ ಕಾಯ್ದಿಡುವುದು ಒಳಿತು. 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಅಲ್ಲಿಂದ ಮುಂದಿನ ವರ್ಷಗಳಿಗೆ ಹೊಸ ನಿಯಮಗಳನ್ನು ನೋಡಬೇಕು. ಭೂಭೌತ ಸಮೀಕ್ಷಾ ಸೇವೆಗೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ 18 ಇದೆ. ಸ್ಥಿರಾಸ್ತಿಯ ನಿರ್ಮಾಣಕ್ಕೆ ಬಳಸಿದ ಸೇವೆಗಳ ಮೇಲಿನ ಹೂಡುವಳಿ ತೆರಿಗೆ ಜಮೆಗೆ ನಿರ್ಬಂಧವಿರುವುದರಿಂದ ಜಮೆ ಪಡೆಯುವ ಮುನ್ನ ಸಲಹೆ ಪಡೆಯಬೇಕು.

ಒಗ್ಗೂಡಿ ಮಾಡಬಹುದಾದ ಕೆಲಸ

ಒಬ್ಬ ಸಣ್ಣ ಉದ್ಯಮಿಗೆ ಉತ್ತಮ ಸಮೀಕ್ಷೆಯ ವೆಚ್ಚ ಭಾರವೆನಿಸಬಹುದು. ಆದರೆ ಶಿಲೆಯ ಬಿರುಕು ಸರ್ವೆ ನಂಬರಿನ ಗಡಿಯಲ್ಲಿ ನಿಲ್ಲುವುದಿಲ್ಲ. ಒಂದೇ ರಸ್ತೆಯ ಹತ್ತು ಗೋದಾಮು, ಗಿರಣಿಗಳ ಮಾಲೀಕರು ಕೂಡಿ ಸಮೀಕ್ಷೆ ಮಾಡಿಸಿದರೆ ಗೆರೆಗಳು ಉದ್ದವಾಗಿ ಚಿತ್ರ ಸ್ಪಷ್ಟವಾಗುತ್ತದೆ, ತಲಾ ವೆಚ್ಚವೂ ತಗ್ಗುತ್ತದೆ. ಒಬ್ಬರ ಆವರಣದಲ್ಲಿ ಬಾವಿ, ಇನ್ನೊಬ್ಬರ ಆವರಣದಲ್ಲಿ ಇಂಗುಗುಂಡಿ ಎಂಬ ಹಂಚಿಕೆಯೂ ಸಾಧ್ಯ.

ಅದಕ್ಕಿಂತ ಸುಲಭವಾದ, ಖರ್ಚೇ ಇಲ್ಲದ ಕೆಲಸವೊಂದುಂಟು. ಪ್ರತಿಯೊಂದು ಊರಿನ ವರ್ತಕರ ಸಂಘವು ಒಂದು ಬಾವಿ ಪುಸ್ತಕವನ್ನು ಇಡಬಹುದು. ಕೊರೆದ ಸ್ಥಳ, ದಿನಾಂಕ, ಕೇಸಿಂಗ್ ಪೈಪ್ ಇಳಿಸಿದ ಆಳ, ಕಲ್ಲಿನ ಬಣ್ಣ ಬದಲಾದ ಆಳ, ನೀರು ಸಿಕ್ಕ ಆಳ, ಬತ್ತಿದ ವರ್ಷ ಇಷ್ಟನ್ನು ಬರೆದರೆ ಸಾಕು. ಕೇಸಿಂಗ್ ಎಷ್ಟು ಅಡಿ ಇಳಿಯಿತೆಂಬುದೇ ಶಿಥಿಲ ಪದರದ ದಪ್ಪವನ್ನು ಸರಿಸುಮಾರಾಗಿ ಹೇಳುತ್ತದೆ. ನಾಳೆ ಸಮೀಕ್ಷಕನು ಬಂದಾಗ ಅವನ ಅಂಕಿಗಳನ್ನು ತಾಳೆ ನೋಡಲು ಇದಕ್ಕಿಂತ ಉತ್ತಮ ದಾಖಲೆ ಬೇರೊಂದಿಲ್ಲ. ಈಗ ವಿಫಲ ಬಾವಿಯ ಮಾಲೀಕನು ಸಂಕೋಚದಿಂದ ಆ ವಿಷಯವನ್ನೇ ಎತ್ತುವುದಿಲ್ಲ, ಪಕ್ಕದವನು ಅದೇ ತಪ್ಪಿಗೆ ಮತ್ತೆ ಹಣ ತೆರುತ್ತಾನೆ.

ನಷ್ಟದ ಬಾಬನ್ನು ಬರೆಯದ ಲೆಕ್ಕಪುಸ್ತಕದಿಂದ ಯಾವ ವ್ಯಾಪಾರವೂ ಉಳಿದಿಲ್ಲ. ನೀರು ಸಿಗದ ಬಾವಿಯ ವಿವರವನ್ನೂ ಬರೆದಿಟ್ಟ ಊರಿನಲ್ಲಿ ಮುಂದೆ ಕೊರೆಸುವವನು ಅಷ್ಟರಮಟ್ಟಿಗೆ ಹಣ ಉಳಿಸಿಕೊಳ್ಳುತ್ತಾನೆ.